ಅಜ್ಜಿ ಮನೆಯ ಒರಳು, ಹಂಡೆ, ಗಾಡಿ ಚಕ್ರ: ತೋಟದಲ್ಲಿ ಎಲ್ಲಿಡಲಿ, ಯಾವ ಹೂ ಹಾಕಲಿ?

ಹಿತ್ತಲಮನೆ | ಮೇ 24

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ, ಇವತ್ತು ಮೊದಲ ಸಲ ಬರೆಯುತ್ತಿದ್ದೇನೆ.

ಸಾಗರದ ಹತ್ತಿರ ನಮ್ಮ ಅಜ್ಜಿ ಮನೆ. ಹಳೇ ಮನೆ ಕೆಡವಿ ಮಾವ ಹೊಸದು ಕಟ್ಟಿಸುತ್ತಿದ್ದಾರೆ. ಅಜ್ಜಿ ಸದ್ಯಕ್ಕೆ ಶಿವಮೊಗ್ಗದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದಾರೆ. "ಬೇಕಾದ್ದು ತಗೊಂಡು ಹೋಗು, ಉಳಿದದ್ದು ಗುಜರಿಗೆ" ಅಂದರು ಮಾವ. ನಾನು ಒಂದು ಟೆಂಪೊ ತುಂಬಿಸಿಕೊಂಡು ಮೈಸೂರಿಗೆ ಬಂದೆ. ಇಳಿಸಿದ ಮೇಲೆ ಗೊತ್ತಾಯಿತು, ಆಸೆ ಜಾಸ್ತಿ, ಜಾಗ ಕಮ್ಮಿ.

ತಂದದ್ದು ಇಷ್ಟು. ಒರಳು ಕಲ್ಲು ಒಂದು. ಬೀಸುವ ಕಲ್ಲಿನ ಜೋಡಿ. ದನಕ್ಕೆ ಕಲಗಚ್ಚು ಹಾಕುತ್ತಿದ್ದ ಕಲ್ಲಿನ ಮರಿಗೆ. ಬಚ್ಚಲ ಒಲೆ ಮೇಲಿದ್ದ ತಾಮ್ರದ ಹಂಡೆ, ಹೊಗೆ ಹಿಡಿದು ತಳವೆಲ್ಲ ಕಪ್ಪು. ಎತ್ತಿನ ಗಾಡಿಯ ಎರಡು ಚಕ್ರ. ಬಾವಿಯ ರಾಟೆ. ಹಸಿರು ಬಣ್ಣ ಬಳಿದ ಒಂದು ಬಾಗಿಲು. ಸುಮಾರು 60 ಮಂಗಳೂರು ಹೆಂಚು. ಅಂಚು ಒಡೆದ ಎರಡು ಉಪ್ಪಿನಕಾಯಿ ಭರಣಿ.

ಮನೆ ಮುಂದಿನ ಜಾಗ 18 ಅಡಿಗೆ 22 ಅಡಿ. ಪೂರ್ವಕ್ಕೆ ಮುಖ. ಮಧ್ಯಾಹ್ನ ಎರಡರ ತನಕ ಬಿಸಿಲು, ಆಮೇಲೆ ನೆರಳು. ಗೇಟಿನ ಪಕ್ಕದಲ್ಲೇ ಬೀದಿ ದೀಪ. ಸದ್ಯಕ್ಕೆ ಎಲ್ಲವನ್ನೂ ಗೋಡೆಗೆ ಸಾಲಾಗಿ ಆನಿಸಿಟ್ಟಿದ್ದೇನೆ. ನಮ್ಮ ಮನೆಯವರು ನೋಡಿ "ಬೋರ್ಡ್ ಒಂದು ಬಾಕಿ, ಗುಜರಿ ಅಂಗಡಿ ರೆಡಿ" ಅಂದರು. ಸಿಟ್ಟು ಬಂತು. ಆದರೆ ನಿಜವೇ.

ಹಳೇ ಕಾಲದ ಮನೆಯ ಅಂಗಳದ ಹಾಗೆ ಕಾಣಬೇಕು, ವರ್ಷಪೂರ್ತಿ ಏನಾದರೂ ಒಂದು ಹೂ ಇರಬೇಕು. ಎಲ್ಲಿಂದ ಶುರು ಮಾಡಲಿ? ಒರಳಿನ ತಳಕ್ಕೆ ತೂತು ಹಾಕಿಸಿ ಗಿಡ ನೆಡಬಹುದಾ?

ಮೇಸ್ತ್ರಿ ಮಗ | ಮೇ 24

ಹಾಕಿಸಬಹುದು. ಉಳಿ ಸುತ್ತಿಗೆಯಲ್ಲಿ ಮಾತ್ರ ಬೇಡ. ವರ್ಷಗಟ್ಟಲೆ ರುಬ್ಬಿದ ಒರಳಿನ ತಳ ಸವೆದು ತೆಳ್ಳಗಾಗಿರುತ್ತದೆ, ಒಂದು ಏಟು ಜಾಸ್ತಿ ಬಿದ್ದರೆ ಎರಡು ಹೋಳು. ಗ್ರಾನೈಟ್ ಕೆಲಸದವರ ಹತ್ತಿರ ಡೈಮಂಡ್ ಕೋರ್ ಬಿಟ್ ಇರುತ್ತದೆ. ನೀರು ಬಿಡುತ್ತಾ ನಿಧಾನಕ್ಕೆ ಕೊರೆಯುತ್ತಾರೆ. ಒಂದು ಇಂಚಿನ ತೂತು ಸಾಕು.

ಆದರೆ ನನ್ನ ಕೇಳಿದರೆ ಕೊರೆಸಬೇಡಿ. ಒಮ್ಮೆ ಕೊರೆದರೆ ಅದು ಕುಂಡ, ಒರಳಲ್ಲ. ನಾಳೆ ಮನಸ್ಸು ಬದಲಾದರೆ ತೂತು ವಾಪಸ್ ಮುಚ್ಚಲು ಆಗುವುದಿಲ್ಲ.

ಡೇರೆಪ್ರೇಮಿ | ಮೇ 24

ಕಲ್ಲು ತಂದಿರಿ, ಚಕ್ರ ತಂದಿರಿ, ಹೆಂಚು ತಂದಿರಿ. ಡೇರೆ (ಡೇಲಿಯಾ) ಗೆಡ್ಡೆ ತಂದಿರಾ?

ಸಾಗರದ ಕಡೆ ಅಜ್ಜಿ ಅಂದಿರಿ. ಡೇರೆ ಇಲ್ಲದ ಅಂಗಳ ಆ ಕಡೆ ನಾನು ನೋಡಿಲ್ಲ. ನಾನು ಸಿರ್ಸಿಯವಳು. ನಮ್ಮಮ್ಮ ಒಡವೆ ಎಲ್ಲಿಟ್ಟಿದ್ದೇನೆ ಅಂತ ಮರೆತಾರು, ಯಾವ ಬಣ್ಣದ ಡೇರೆ ಗೆಡ್ಡೆ ಯಾವ ಡಬ್ಬದಲ್ಲಿದೆ ಅಂತ ಮರೆಯುವುದಿಲ್ಲ. ಚಳಿಗಾಲದಲ್ಲಿ ಗಿಡ ಒಣಗಿದ ಮೇಲೆ ಕಿತ್ತು ಬೂದಿಯಲ್ಲೋ ಮರಳಲ್ಲೋ ಇಡುತ್ತಾರೆ. ಈಗ ಮೇ ಕೊನೆ, ಮೊಳಕೆ ಬರುವ ಹೊತ್ತು. ಅಜ್ಜಿಗೆ ಇವತ್ತೇ ಫೋನ್ ಮಾಡಿ. ಮನೆ ಕೆಡವುವುದು ಯಾವಾಗ?

ಗುಜರಿ ಗುಂಡ | ಮೇ 25

ನನ್ನ ಹೆಸರೇ ಹೇಳುವ ಹಾಗೆ ಹಳೇ ಸಾಮಾನು ನನ್ನ ರೋಗ. ಬೆಂಗಳೂರಿನ ಸಂಡೇ ಬಜಾರಿನಲ್ಲಿ ಎಷ್ಟೋ ಭಾನುವಾರ ಕಳೆದಿದ್ದೇನೆ. ಕಲಿತ ಪಾಠ ಹೇಳುತ್ತೇನೆ.

ಎಲ್ಲವನ್ನೂ ಒಟ್ಟಿಗೆ ಕಾಣುವ ಹಾಗೆ ಇಡಬೇಡಿ. 18 ಅಡಿ ಜಾಗಕ್ಕೆ ದೊಡ್ಡ ವಸ್ತು ಮೂರು ಸಾಕು. ಎರಡು ಚಕ್ರವನ್ನು ಗೇಟಿನ ಆಚೆ ಈಚೆ ಜೋಡಿಯಾಗಿ ನಿಲ್ಲಿಸಿದರೆ ಹೆದ್ದಾರಿ ಪಕ್ಕದ ಡಾಬಾ ಥರ ಕಾಣುತ್ತದೆ. ಒಂದನ್ನು ಇಡಿ, ಇನ್ನೊಂದನ್ನು ಹಿಂದೆ ಎತ್ತಿಡಿ. ಇಟ್ಟ ಚಕ್ರವೂ ಅರ್ಧ ಗಿಡದ ಮರೆಯಲ್ಲಿ ಇರಲಿ. ಅಜ್ಜಿ ಮನೆಯಲ್ಲಿ ಇದ್ದದ್ದು ಹಾಗೇ ಅಲ್ವಾ? ಯಾರೂ ಅಲಂಕಾರಕ್ಕೆ ಅಂತ ಚಕ್ರ ಇಟ್ಟಿರಲಿಲ್ಲ. ಕೊಟ್ಟಿಗೆ ಗೋಡೆಗೆ ಒರಗಿಸಿದ್ದರು, ಅದರ ಮೇಲೆ ಬಳ್ಳಿ ಹಬ್ಬಿತ್ತು, ಅಷ್ಟೇ.

ಹಂಡೆಯನ್ನು ಮಾತ್ರ ಗೇಟಿನ ಕಡೆ ಇಡಬೇಡಿ. ನನ್ನ ಹಿತ್ತಾಳೆ ಕೊಳಗ ಒಂದು ವಾರ ಕೂಡ ಬಾಳಲಿಲ್ಲ. ಕಳ್ಳನಿಗೆ ಅದು ವಿಂಟೇಜ್ ಅಲ್ಲ, ಕೆಜಿ ಲೆಕ್ಕ.

ಹಿತ್ತಲಮನೆ | ಮೇ 25

ಡೇರೆಪ್ರೇಮಿ ಅವರೇ, ಎದೆ ಧಸಕ್ಕೆಂದಿತು. ಅಜ್ಜಿಗೆ ಫೋನ್ ಮಾಡಿದೆ. ಮೊದಲ ಮಾತೇ "ಅಟ್ಟದ ಮೇಲೆ ಈಚಲ ಬುಟ್ಟಿ ಇತ್ತಲ್ಲ, ತಂದೆಯಾ?" ನಾನು ಆ ಬುಟ್ಟಿ ನೋಡಿದ್ದೆ. ಒಳಗೆ ಬೂದಿ, ಒಣಗಿದ ಗೆಣಸಿನ ಥರ ಏನೋ. ಹಾಳಾದ ಶುಂಠಿ ಅಂದುಕೊಂಡು ಅಲ್ಲೇ ಬಿಟ್ಟು ಬಂದೆ! ಮಾವನಿಗೆ ಫೋನ್ ಮಾಡಿದರೆ, ಹೆಂಚು ಇಳಿಸಿ ಆಗಿದೆ, ಅಟ್ಟದ ಹಲಗೆ ನಾಳೆ ಬಿಚ್ಚುತ್ತಾರಂತೆ. ಬುಟ್ಟಿ ಹುಡುಕಿ ಇಡಿ ಅಂತ ಬೇಡಿಕೊಂಡಿದ್ದೇನೆ.

ಡೇರೆಪ್ರೇಮಿ | ಮೇ 25

ಹೋಗಿ. ಬಸ್ ಹತ್ತಿ. ಒರಳು ಎಲ್ಲಿಡುವುದು ಅಂತ ಆಮೇಲೆ ಮಾತಾಡೋಣ.

ಕಡಲತಡಿ | ಮೇ 26

ಅವರು ಬರುವ ತನಕ ಚಕ್ರದ ವಿಷಯ ಹೇಳಿಬಿಡುತ್ತೇನೆ. ಮರ ಮಣ್ಣಿಗೆ ತಾಗಿದರೆ ಗೆದ್ದಲು ಎರಡು ಮಳೆಗಾಲದಲ್ಲಿ ಮುಗಿಸುತ್ತದೆ. ಕೆಳಗೆ ಎರಡು ಕಲ್ಲು ಕೊಟ್ಟು ಅದರ ಮೇಲೆ ನಿಲ್ಲಿಸಿ. ಮರ ಚೆನ್ನಾಗಿ ಒಣಗಿದ ಮೇಲೆ ಅಗಸೆ ಎಣ್ಣೆ ಎರಡು ಸಲ ಹಚ್ಚಿ. ನಮ್ಮ ಕರಾವಳಿಯಲ್ಲಿ ದೋಣಿಗೆ ಗೇರೆಣ್ಣೆ ಹಚ್ಚುತ್ತಿದ್ದರು, ಅದೂ ಒಳ್ಳೆಯದೇ. ಆದರೆ ಅದು ಚರ್ಮ ಸುಡುತ್ತದೆ, ಕೈಗವಸು ಇಲ್ಲದೆ ಮುಟ್ಟಬೇಡಿ. ಗ್ಯಾರೇಜಿನ ಹಳೇ ಎಂಜಿನ್ ಆಯಿಲ್ ಹಚ್ಚಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಮಳೆಗೆ ಅದು ಮಣ್ಣಿಗೆ ಇಳಿಯುತ್ತದೆ.

ಹೆಂಚುಗಳನ್ನು ತಿರುಗಿಸಿ ನೋಡಿ, ಹಿಂದೆ ಕಾರ್ಖಾನೆ ಹೆಸರು ಒತ್ತಿರುತ್ತಾರೆ. ಅರ್ಧ ಹೂತು ಸಾಲಾಗಿ ನಿಲ್ಲಿಸಿದರೆ ಪಾತಿಗೆ ಒಳ್ಳೆ ಅಂಚು. ನಡೆಯುವ ದಾರಿಗೆ ಮಾತ್ರ ಹಾಸಬೇಡಿ. ಮಳೆಯಲ್ಲಿ ಪಾಚಿ ಕಟ್ಟಿ ಜಾರುತ್ತದೆ, ಕಾಲಿಟ್ಟರೆ ಒಡೆಯುತ್ತದೆ.

ಗುಜರಿ ಗುಂಡ | ಮೇ 26

ನನ್ನ ಹತ್ತಿರ "ಬಾಸೆಲ್ ಮಿಶನ್ 1865" ಅಂತ ಒತ್ತಿದ ಹೆಂಚು ಇದೆ. 150 ವರ್ಷ ದಾಟಿದ ಹೆಂಚು ಸ್ವಾಮಿ! ಗೋಡೆಗೆ ಫ್ರೇಮ್ ಹಾಕಿಸಿದ್ದೇನೆ.

ಕಡಲತಡಿ | ಮೇ 26

ಬೇಜಾರು ಮಾಡಿಕೊಳ್ಳಬೇಡಿ ಗುಂಡಣ್ಣ. 1865 ಕಾರ್ಖಾನೆ ಶುರುವಾದ ವರ್ಷ. ಬಾಸೆಲ್ ಮಿಶನ್ ಎಂಬ ಕ್ರೈಸ್ತ ಮಿಶನರಿ ಸಂಸ್ಥೆಯ ಪ್ಲೆಬ್ಸ್ಟ್ ಎಂಬವರು ಮಂಗಳೂರಿನ ಜೆಪ್ಪುವಿನಲ್ಲಿ ಶುರು ಮಾಡಿದ್ದು ಆ ವರ್ಷ. ಆಮೇಲೆ ಎಷ್ಟೋ ವರ್ಷ ಅದೇ ಮುದ್ರೆ ಒತ್ತಿದರು. ಮೊದಲ ಮಹಾಯುದ್ಧದ ನಂತರ ಅದು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋಯಿತು. ಹಾಗಾಗಿ ನಿಮ್ಮ ಹೆಂಚು ನೂರು ದಾಟಿರಬಹುದು, ಆದರೆ ಅದರ ಹುಟ್ಟಿದ ದಿನ ಅದರ ಮೇಲೆ ಇಲ್ಲ.

ಗುಜರಿ ಗುಂಡ | ಮೇ 26

ಫ್ರೇಮ್ ಕೆಳಗೆ "ಅಂದಾಜು" ಅಂತ ಸೇರಿಸುತ್ತೇನೆ.

ಬಾಲ್ಕನಿ ಬೇಸಾಯ | ಮೇ 27

ಹಸಿರು ಬಾಗಿಲಿನ ಬಗ್ಗೆ ಯಾರೂ ಹೇಳಲಿಲ್ಲ. ಹಳೇ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಜಾಸ್ತಿ. ನಮ್ಮ ದೇಶದಲ್ಲಿ ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಭಾಗ) ದಾಟಬಾರದು ಅನ್ನುವ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಸಿಪ್ಪೆ ಏಳುತ್ತಿರುವ ಬಣ್ಣ ಈಗ ಫ್ಯಾಷನ್, ಗೊತ್ತು. ಫೋಟೋದಲ್ಲಿ ಚೆಂದ. ಆದರೆ ಆ ಸಿಪ್ಪೆ ಮಣ್ಣಿಗೆ ಬೀಳುತ್ತದೆ, ಮಕ್ಕಳ ಕೈಗೆ ಹೋಗುತ್ತದೆ. ಒಣಗಿದ ಬಣ್ಣವನ್ನು ಮರಳು ಕಾಗದದಲ್ಲಿ ಉಜ್ಜಬೇಡಿ. ನೀರು ಚಿಮುಕಿಸಿ, ಮಾಸ್ಕ್ ಹಾಕಿ, ಕೆಳಗೆ ಪ್ಲಾಸ್ಟಿಕ್ ಹಾಸಿ, ಸಡಿಲವಾದದ್ದನ್ನು ಮಾತ್ರ ಕೆರೆದು ತೆಗೆಯಿರಿ. ಆಮೇಲೆ ಮೇಲೊಂದು ಹೊಸ ಕೋಟ್ ಹಾಕಿ ಮುಚ್ಚಿಬಿಡಿ. ಬುಡದಲ್ಲಿ ಸೊಪ್ಪು, ತರಕಾರಿ ಬೇಡ.

ಹಂಡೆಗೂ ಒಂದು ಮಾತು. ತಾಮ್ರದೊಳಗೆ ನೇರ ಮಣ್ಣು ತುಂಬಬೇಡಿ. ಗೊಬ್ಬರದ ಹಸಿ ಮಣ್ಣಿನಲ್ಲಿ ತಾಮ್ರ ಬಿಟ್ಟುಕೊಳ್ಳುತ್ತದೆ, ಬೇರಿಗೆ ಆಗುವುದಿಲ್ಲ. ಒಳಗೆ ಒಂದು ಇಟ್ಟಿಗೆ ಇಟ್ಟು ಅದರ ಮೇಲೆ ಸಾದಾ ಕುಂಡ ಕೂರಿಸಿ. ಹೂ ಮುಗಿದಾಗ ಕುಂಡ ಬದಲಿಸಲೂ ಸುಲಭ.

ಲಾಲ್‌ಬಾಗ್ ನಡಿಗೆ | ಮೇ 27

"ವರ್ಷಪೂರ್ತಿ ಹೂ" ಅಂದಿರಲ್ಲ, ಅದಕ್ಕೆ ಬರುತ್ತೇನೆ. ಜರ್ಮನಿಯಿಂದ ಬಂದ ಕ್ರುಂಬಿಗಲ್ 1908ರಲ್ಲಿ ಲಾಲ್‌ಬಾಗ್ ನೋಡಿಕೊಳ್ಳಲು ಶುರು ಮಾಡಿದರು. ಒಂದು ಜಾತಿ ಮರದ ಹೂ ಮುಗಿಯುವಾಗ ಇನ್ನೊಂದು ಜಾತಿ ಅರಳಬೇಕು, ಬೀದಿಗಳಲ್ಲಿ ಸರದಿ ಪ್ರಕಾರ ಹೂ ಇರಬೇಕು ಅನ್ನುವುದು ಅವರ ಲೆಕ್ಕ. ಬೆಂಗಳೂರಿನಲ್ಲಿ ಇವತ್ತಿಗೂ ಫೆಬ್ರವರಿ ಮಾರ್ಚ್‌ನಲ್ಲಿ ಟಬೂಬಿಯಾ, ಜಕರಂಡ, ಆಮೇಲೆ ಗುಲ್‌ಮೊಹರ್, ವರ್ಷದ ಕೊನೆಗೆ ಆಕಾಶಮಲ್ಲಿಗೆ. ನಿಮ್ಮ 18 ಅಡಿಗೂ ಅದೇ ಲೆಕ್ಕ ಹಾಕಿ.

ಮೈಸೂರಿಗೆ ನಾನಾದರೆ ಹೀಗೆ ಮಾಡುತ್ತೇನೆ. ಈಗ ಜೂನ್‌ನಲ್ಲಿ ಕರ್ಣಕುಂಡಲ, ಚೆಂಡು ಹೂ, ಕಾಸ್ಮಾಸ್ ಬೀಜ ಎರಚಿ. ಆಗಸ್ಟ್‌ನಿಂದ ಹಬ್ಬದ ಹೂ ಇವೇ. ಜೀನಿಯಾ ಈಗ ಬೇಡ, ಮಳೆಯಲ್ಲಿ ಎಲೆಗೆ ರೋಗ ಬರುತ್ತದೆ. ಸೇವಂತಿಗೆ ಸಸಿ ಈಗಲೇ ನೆಟ್ಟು ಆಗಸ್ಟ್ ತನಕ ಕುಡಿ ಚಿವುಟುತ್ತಾ ಇರಿ, ನವೆಂಬರ್‌ಗೆ ಗಿಡ ತುಂಬ ಮೊಗ್ಗು. ಗೋರಂಟೆ, ಅಂದರೆ ಸ್ಫಟಿಕ, ಚಳಿಗೆ ತಾನೇ ಅರಳುತ್ತದೆ, ಏನೂ ಕೇಳುವುದಿಲ್ಲ. ಪೆಟೂನಿಯಾ, ಸಾಲ್ವಿಯಾ, ಡಯಾಂಥಸ್ ಬೇಕಿದ್ದರೆ ಸೆಪ್ಟೆಂಬರ್ ಕೊನೆಗೆ ಬಿತ್ತಿ. ಬೇಸಿಗೆ ಮಲ್ಲಿಗೆಯದು. ಡಿಸೆಂಬರ್‌ನಲ್ಲಿ ಗಿಡವನ್ನು ಧೈರ್ಯವಾಗಿ ಸವರಿ, ಸ್ವಲ್ಪ ದಿನ ನೀರು ಕಡಿಮೆ ಮಾಡಿ, ಆಮೇಲೆ ಗೊಬ್ಬರ ಕೊಡಿ. ಮಾರ್ಚ್‌ನಲ್ಲಿ ನೋಡಿ. ಮೈಸೂರಿನಲ್ಲಿದ್ದುಕೊಂಡು ಮೈಸೂರು ಮಲ್ಲಿಗೆ ಇಲ್ಲದಿದ್ದರೆ ಹೇಗೆ? ಮೇ ತಿಂಗಳ ಮೊದಲ ಮಳೆಗೆ ಚೆಂಡಿನ ಹಾಗೆ ಕೆಂಪಗೆ ಅರಳುವ ಮೇ ಹೂವಿನ ಗೆಡ್ಡೆ ಎರಡು ಒರಳಿನ ಪಕ್ಕ ಹೂತಿಡಿ. ಹನ್ನೊಂದು ತಿಂಗಳು ಮರೆತೇಬಿಡಬಹುದು.

ಒಂದು ಎಚ್ಚರಿಕೆ. ಗೇಟಿನ ಪಕ್ಕ ಬೀದಿ ದೀಪ ಅಂದಿರಿ. ಸೇವಂತಿಗೆಯನ್ನು ಅಲ್ಲಿ ನೆಡಬೇಡಿ. ರಾತ್ರಿ ಉದ್ದವಾದರೆ ಮಾತ್ರ ಅದು ಮೊಗ್ಗು ಕಟ್ಟುತ್ತದೆ. ದೀಪದ ಬೆಳಕು ಬಿದ್ದರೆ ಇನ್ನೂ ಬೇಸಿಗೆ ಅಂದುಕೊಂಡು ಎಲೆ ಬಿಡುತ್ತಾ ಕೂರುತ್ತದೆ.

ಹೊರನಾಡ ಹೂವಾಡಗಿತ್ತಿ | ಮೇ 28

ನ್ಯೂಜೆರ್ಸಿಯಿಂದ. ಡೇರೆ ಅಂತ ಓದಿ ನಿಲ್ಲಲಾಗಲಿಲ್ಲ. ನಾನು ಸೊರಬದವಳು. ಇಲ್ಲಿ ಮೇ ಮಧ್ಯದಲ್ಲಿ ಗೆಡ್ಡೆ ನೆಡುತ್ತೇವೆ, ಅಕ್ಟೋಬರ್‌ನಲ್ಲಿ ಮೊದಲ ಇಬ್ಬನಿ ಹೆಪ್ಪುಗಟ್ಟಿ ಗಿಡ ಕರ್ರಗಾದ ಮೇಲೆ ಕಿತ್ತು ನೆಲಮಾಳಿಗೆಯಲ್ಲಿ ಇಡುತ್ತೇವೆ. ಅಮ್ಮ ಬೂದಿಯಲ್ಲಿ ಇಡುತ್ತಿದ್ದಳು, ನಾನು ಮರದ ಹೊಟ್ಟಿನಲ್ಲಿ. ಕೆಲಸ ಒಂದೇ.

ಇಲ್ಲಿನ ಗೆಳತಿಯೊಬ್ಬಳಿಗೆ "ಇದು ನಮ್ಮೂರ ಹೂ" ಅಂತ ಹೆಮ್ಮೆಯಿಂದ ಹೇಳಿದೆ. ಅವಳು ಮೆಕ್ಸಿಕೋದವಳು. ನಕ್ಕುಬಿಟ್ಟಳು. ಡೇರೆ ಅವರ ರಾಷ್ಟ್ರಪುಷ್ಪ, 1963ರಿಂದ! ನಾವು ದೀಪಾವಳಿಗೆ ಮಾಲೆ ಕಟ್ಟುವ ಚೆಂಡು ಹೂವೂ ಅಲ್ಲಿಂದಲೇ ಬಂದದ್ದಂತೆ.

ಗುಜರಿ ಗುಂಡ | ಮೇ 28

ಸಂಜೆ ಮಲ್ಲಿಗೆಯೂ ಅಮೆರಿಕ ಖಂಡದ್ದೇ. "ಹಳೇ ಕಾಲದ ಅಂಗಳ" ಅಂತ ನಾವು ಹೊರಟರೆ ಅರ್ಧ ಹೂಗಳಿಗೆ ಪಾಸ್‌ಪೋರ್ಟ್ ಬೇಕು.

ಅಂದ ಹಾಗೆ ಒಂದು ಕೇಳಬೇಕಿತ್ತು. ಒಬ್ಬರ ಹತ್ತಿರ ವೀರಗಲ್ಲು ಮಾರಾಟಕ್ಕಿದೆ. ಮೂರಡಿ ಎತ್ತರ. ತೋಟದಲ್ಲಿ ಇಟ್ಟರೆ ಹೇಗೆ?

ಲಾಲ್‌ಬಾಗ್ ನಡಿಗೆ | ಮೇ 28

ಬೇಡವೇ ಬೇಡ. 1972ರ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಶಿಲ್ಪ ಪ್ರಾಚ್ಯವಸ್ತು. ಮಾರುವವರಿಗೆ ಲೈಸೆನ್ಸ್ ಬೇಕು, ಇಟ್ಟುಕೊಳ್ಳುವವರು ನೋಂದಣಿ ಮಾಡಿಸಬೇಕು. ಕಾನೂನು ಬಿಡಿ. ಅದು ಯಾವುದೋ ಊರಿನ ಬಯಲಿನಿಂದ ಕಿತ್ತು ತಂದದ್ದು. ಯಾರೋ ಸತ್ತ ಜಾಗದ ಕಲ್ಲು. ಅದಕ್ಕೆ ಪೆಟೂನಿಯಾ ಅಲಂಕಾರ ಮಾಡುತ್ತೀರಾ?

ಗುಜರಿ ಗುಂಡ | ಮೇ 28

ಸರಿ, ಬಿಟ್ಟೆ.

ಹಿತ್ತಲಮನೆ | ಜೂನ್ 4

ಬುಟ್ಟಿ ಸಿಕ್ಕಿತು! ನಾನು ಹೋಗುವ ಹೊತ್ತಿಗೆ ಅಟ್ಟ ಇಳಿಸಿದ್ದರು. ಕೆಲಸದವರೊಬ್ಬರು ಬುಟ್ಟಿಯನ್ನು ಹಲಸಿನ ಮರದ ಬುಡದಲ್ಲಿ ಇಟ್ಟಿದ್ದರು. ಅವರ ಮನೆಯಲ್ಲೂ ಡೇರೆ ಇದೆಯಂತೆ, ನೋಡಿದ ಕೂಡಲೇ ಗುರುತು ಹಿಡಿದರು. ನಾನು ಓದಿದವಳು, ಶುಂಠಿ ಅಂದುಕೊಂಡವಳು.

11 ಗೊಂಚಲು ಇತ್ತು. 4 ಕೊಳೆತಿದ್ದವು. 7 ಗಟ್ಟಿ ಇವೆ, ಐದರಲ್ಲಿ ಮೊಳಕೆ ಕಾಣಿಸುತ್ತಿದೆ. ಯಾವುದು ಯಾವ ಬಣ್ಣ ಅಂತ ಗುರುತು ಏನೂ ಇಲ್ಲ. ಅಜ್ಜಿಯನ್ನು ಕೇಳಿದರೆ "ಅರಳಿದಾಗ ಗೊತ್ತಾಗ್ತದೆ" ಅಂದರು.

ಹಿತ್ತಲಿನಿಂದ ಇನ್ನೂ ತಂದೆ. ಸ್ಫಟಿಕದ ಕಡ್ಡಿ, ಮಳೆ ಲಿಲಿ ಗೆಡ್ಡೆ ಒಂದು ಹಿಡಿ, ಸಂಜೆ ಮಲ್ಲಿಗೆ ಬೀಜ. ಬೇಲಿಯಲ್ಲಿ ಗೌರಿ ಹೂವಿನ ಬಳ್ಳಿ ಇತ್ತು, ಅದರ ಗೆಡ್ಡೆ ಅಗೆಯಲು ಹೋದಾಗ ಮಾವ ಬೈದರು.

ಡೇರೆಪ್ರೇಮಿ | ಜೂನ್ 4

ಮಾವ ಸರಿಯಾಗೇ ಬೈದಿದ್ದಾರೆ. ಗೌರಿ ಹೂ ಚೆಂದ, ಆದರೆ ಗಿಡವೆಲ್ಲ ವಿಷ, ಗೆಡ್ಡೆಯಂತೂ ಜಾಸ್ತಿ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಬೇಡ.

ಈಗ ಡೇರೆ. ನಿಧಾನವಾಗಿ ಓದಿ. ಒಂದು ಗೊಂಚಲನ್ನು ಬಿಡಿಸಬೇಕಾದರೆ ಪ್ರತಿ ಹೋಳಿಗೂ ಹಳೇ ಕಾಂಡದ ಬುಡದ ಒಂದು ತುಂಡು, ಅದರಲ್ಲಿ ಒಂದು ಕಣ್ಣು (ಮೊಳಕೆ ಒಡೆಯುವ ಜಾಗ) ಇರಲೇಬೇಕು. ಕಣ್ಣಿಲ್ಲದ ಗೆಡ್ಡೆ ಎಷ್ಟು ದಪ್ಪ ಇದ್ದರೂ ಬರೀ ಗೆಡ್ಡೆ. ಕತ್ತರಿಸಿದ ಜಾಗಕ್ಕೆ ಬೂದಿ ಹಚ್ಚಿ ಒಂದು ದಿನ ಆರಲು ಬಿಡಿ. ನಾಲ್ಕೈದು ಇಂಚು ಆಳದಲ್ಲಿ, ಕಣ್ಣು ಮೇಲೆ ಬರುವ ಹಾಗೆ ಮಲಗಿಸಿ. ಮೊಳಕೆ ಮಣ್ಣಿನಿಂದ ಮೇಲೆ ಬರುವ ತನಕ ನೀರು ಹಾಕುವ ಆಸೆ ತಡೆದುಕೊಳ್ಳಿ. ನೀರು ನಿಂತರೆ ಗೆಡ್ಡೆ ಕೊಳೆಯುತ್ತದೆ. ಮಲೆನಾಡಿನಲ್ಲಿ ಅಷ್ಟು ಮಳೆ ಸುರಿದರೂ ಬದುಕುವುದು ಯಾಕೆ ಗೊತ್ತಾ? ಅಂಗಳದ ಅಂಚಿನ ಏರಿ ಮೇಲೆ, ಇಳಿಜಾರಿನಲ್ಲಿ ನೆಡುತ್ತಾರೆ. ನಿಮ್ಮಲ್ಲಿ ಹೆಂಚು ನಿಲ್ಲಿಸಿ ಪಾತಿಯನ್ನು ಒಂದಡಿ ಎತ್ತರ ಮಾಡಿ. ಊರುಗೋಲನ್ನು ಗೆಡ್ಡೆ ನೆಡುವಾಗಲೇ ನೆಟ್ಟುಬಿಡಿ. ಆಮೇಲೆ ಚುಚ್ಚಿದರೆ ಗೆಡ್ಡೆಗೇ ಚುಚ್ಚುತ್ತೀರಿ. ನಾನು ಚುಚ್ಚಿದ್ದೇನೆ.

ಗಿಡ ಒಂದಡಿ ಬಂದಾಗ ತುದಿ ಚಿವುಟಿ. ಚಿವುಟಿದ ತುದಿಯನ್ನು ಬಿಸಾಡಬೇಡಿ. ಮರಳಿಗೆ ಚುಚ್ಚಿದರೆ ಬೇರು ಬಿಡುತ್ತದೆ, ಇನ್ನೊಂದು ಗಿಡ.

ಬಾಲ್ಕನಿ ಬೇಸಾಯ | ಜೂನ್ 5

ಮಳೆ ಲಿಲಿಯನ್ನು ಮರಿಗೆಗೆ ಹಾಕಿ, ಚೆನ್ನಾಗಿರುತ್ತದೆ. ಮರಿಗೆಗಳಿಗೆ ಸಾಮಾನ್ಯವಾಗಿ ಒಂದು ಮೂಲೆಯಲ್ಲಿ ನೀರು ಹೋಗುವ ಕಂಡಿ ಇರುತ್ತದೆ, ನೋಡಿ. ಇದ್ದರೆ ಕೊರೆಯುವ ತಲೆನೋವೇ ಇಲ್ಲ.

ಒರಳಿನಲ್ಲಿ ನೀರು ತುಂಬಿಸಿ ಹೂ ತೇಲಿ ಬಿಡುವ ಯೋಚನೆ ಇದ್ದರೆ, ಡೆಂಗಿ ಸೊಳ್ಳೆ ನೆನಪಿರಲಿ. ವಾರಕ್ಕೊಮ್ಮೆ ನೀರು ಚೆಲ್ಲಿದರೆ ಸಾಲದು, ಒಳಗೋಡೆಯನ್ನು ಬ್ರಶ್ ಹಾಕಿ ಉಜ್ಜಬೇಕು. ಅದರ ಮೊಟ್ಟೆ ನೀರಿನ ಅಂಚಿಗೆ ಅಂಟಿರುತ್ತದೆ, ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ. ಒರಟು ಕಲ್ಲು ಬೇರೆ.

ಹಿತ್ತಲಮನೆ | ಜುಲೈ 12

ದುಃಖದ ಸುದ್ದಿ. 7 ಡೇರೆಯಲ್ಲಿ 6 ಮೇಲೆ ಬಂದಿದ್ದವು. ನಿನ್ನೆ ರಾತ್ರಿ ಎರಡರ ಕುಡಿ ಮಾಯ. ಬುಡದಲ್ಲಿ ಬೆಳ್ಳಗೆ ಹೊಳೆಯುವ ಗೆರೆ. ಚೆಂದ ಕಾಣಲಿ ಅಂತ ನಾನು ನಿಲ್ಲಿಸಿದ ಹೆಂಚುಗಳ ಸಂದಿಯಲ್ಲಿ ಹಗಲೆಲ್ಲ ಬಸವನ ಹುಳುಗಳು ಮಲಗಿರುತ್ತವೆ. ಅವುಗಳಿಗೆ ಮಂಗಳೂರು ಹೆಂಚಿನ ಬಂಗಲೆ ಕಟ್ಟಿಕೊಟ್ಟಿದ್ದೇನೆ.

ಡೇರೆಪ್ರೇಮಿ | ಜುಲೈ 12

ರಾತ್ರಿ ಒಂಬತ್ತಕ್ಕೆ ಟಾರ್ಚ್, ಕೈಗವಸು, ಒಂದು ಬಕೆಟ್ ಉಪ್ಪು ನೀರು. ಹತ್ತು ದಿನ ಬಿಡದೆ ಹೆಕ್ಕಿ. ಬೇರೆ ಮಂತ್ರ ಇಲ್ಲ. ಬುಡಕ್ಕೆ ನೇರ ಉಪ್ಪು ಎರಚಬೇಡಿ, ಹುಳುವಿನ ಜೊತೆ ಗಿಡವೂ ಹೋಗುತ್ತದೆ. ಬೂದಿ ಹಾಕಬಹುದು, ಮಳೆ ಬಂದರೆ ಮತ್ತೆ ಹಾಕಬೇಕು. ಕುಡಿ ಹೋದದ್ದಕ್ಕೆ ಅಳಬೇಡಿ, ಗೆಡ್ಡೆ ಗಟ್ಟಿ ಇದ್ದರೆ ಮತ್ತೆ ಚಿಗುರುತ್ತದೆ. ಚಿವುಟುವ ಕೆಲಸ ಅದು ಮಾಡಿಕೊಟ್ಟಿತು ಅಂದುಕೊಳ್ಳಿ.

ಮೇಸ್ತ್ರಿ ಮಗ | ಜುಲೈ 13

ಹೆಂಚುಗಳ ಸಂದಿಗೆ ಜಲ್ಲಿ ಪುಡಿ ಒತ್ತಿ ತುಂಬಿ. ಬಂಗಲೆಗೆ ಬೀಗ.

ಹಿತ್ತಲಮನೆ | ಸೆಪ್ಟೆಂಬರ್ 6

ಫೋಟೋ ಹಾಕಿದ್ದೇನೆ, ನೋಡಿ.

ಮೊದಲ ಡೇರೆ ಅರಳಿತು. ತಟ್ಟೆಯಷ್ಟು ಅಗಲ, ಕಡು ಮೆರೂನ್, ಎಸಳಿನ ತುದಿ ಮಾತ್ರ ಬಿಳಿ. ಇನ್ನೆರಡು ಹಳದಿ. ಒಂದು ತಿಳಿ ನೇರಳೆ, ಸಣ್ಣದು, ಚೆಂಡಿನ ಹಾಗೆ. ಉಳಿದವು ಇನ್ನೂ ಮೊಗ್ಗು.

ನಿಮ್ಮ ಮಾತು ಕೇಳಿ ಒಂದೇ ಚಕ್ರ ಇಟ್ಟೆ, ಕಲ್ಲಿನ ಮೇಲೆ, ಎಣ್ಣೆ ಹಚ್ಚಿ. ಅದರ ಕಡ್ಡಿಗಳ ನಡುವೆ ಕಾಮಲತೆ ಹಬ್ಬಿದೆ, ಕೆಂಪು ನಕ್ಷತ್ರದಂಥ ಸಣ್ಣ ಹೂ. ಹಂಡೆ ವರಾಂಡದೊಳಗೆ. ಹೊಗೆಯ ಕಪ್ಪು ಉಜ್ಜಲಿಲ್ಲ. ಹುಣಸೆ ಹಣ್ಣು ಹಾಕಿ ಬೆಳಗಿಸಿಬಿಡೋಣ ಅಂತ ನಮ್ಮ ಮನೆಯವರು ಹೊರಟಿದ್ದರು, ತಡೆದೆ. ಮರಿಗೆಯಲ್ಲಿ ಮಳೆ ಲಿಲಿ. ಮಳೆ ಬಂದ ಮೂರನೇ ದಿನ ಒಟ್ಟಿಗೇ ಅರಳುತ್ತವೆ, ಹೇಳಿ ಕಳಿಸಿದ ಹಾಗೆ. ಬಾಗಿಲಿನ ಬಣ್ಣ ಕೆರೆದು ಹೊಸ ಹಸಿರು ಬಳಿದದ್ದಾಯಿತು, ಡೇರೆ ಪಾತಿಯ ಹಿಂದೆ ಗೋಡೆಗೆ ನಿಲ್ಲಿಸಿದ್ದೇನೆ. ಮೆರೂನ್ ಡೇರೆ ಆ ಹಸಿರಿಗೆ ಏನು ಒಪ್ಪುತ್ತದೆ ಅಂತೀರಿ!

ಒರಳು ಕೊರೆಸಲಿಲ್ಲ. ನೀರು ತುಂಬಿಸಿ ದಿನಾ ಬೆಳಿಗ್ಗೆ ಬದಲಿಸುತ್ತೇನೆ, ಭಾನುವಾರ ಉಜ್ಜುತ್ತೇನೆ. ಪಿಕಳಾರ ಬಂದು ಸ್ನಾನ ಮಾಡಿ ಹೋಗುತ್ತದೆ.

ಗುಜರಿ ಗುಂಡ | ಸೆಪ್ಟೆಂಬರ್ 6

ಇದು ನೋಡಿ! ಆ ಮೂಲೆಯ ಬೀಸುವ ಕಲ್ಲು ಮಾತ್ರ ಏನೋ ಗಿಡದ ನಡುವೆ ಸ್ಮಾರಕದ ಥರ ಕೂತಿದೆ. ಅದನ್ನು ಅಡ್ಡ ಮಲಗಿಸಿ ಮೆಟ್ಟಿಲ ಹತ್ತಿರ ಚಪ್ಪಲಿ ಬಿಡುವ ಕಡೆ ಇಡಿ. ಕೂರಲು ಆಗುತ್ತದೆ.

ಧಾರವಾಡದ ಅಕ್ಕ | ಸೆಪ್ಟೆಂಬರ್ 7

ಬೀಸುಕಲ್ಲಿನ ಮೇಲೆ ಕೂರಬಾರದು ರೀ! ನಮ್ಮವ್ವ ಕೇಳಿದ್ದರೆ ಬೆನ್ನಿಗೆ ನಾಲ್ಕು ಬಾರಿಸುತ್ತಿದ್ದಳು. ಅನ್ನ ಕೊಟ್ಟ ಕಲ್ಲು ಅದು. ಬೀಸುವ ಪದ ಹಾಡದೆ ಅದನ್ನು ಮುಟ್ಟುತ್ತಿರಲಿಲ್ಲ. ಬೇಕಿದ್ದರೆ ತುಳಸಿ ಕಟ್ಟೆ ಪಕ್ಕ ಇಡಿ, ದೀಪ ಹಚ್ಚಲು ಬರುತ್ತದೆ.

ಗುಜರಿ ಗುಂಡ | ಸೆಪ್ಟೆಂಬರ್ 7

ಈ ವರ್ಷ ನನ್ನ ಒಂದು ಸಲಹೆಯೂ ನಿಲ್ಲುತ್ತಿಲ್ಲ.

ಹಿತ್ತಲಮನೆ | ಸೆಪ್ಟೆಂಬರ್ 9

ಬೀಸುವ ಕಲ್ಲು ತುಳಸಿ ಪಕ್ಕಕ್ಕೆ ಹೋಯಿತು. ಅಕ್ಕ, ಥ್ಯಾಂಕ್ಸ್.

ಒಂದು ತಮಾಷೆ ಹೇಳಬೇಕು. ಅಜ್ಜಿಗೆ ವಿಡಿಯೋ ಕಾಲ್ ಮಾಡಿ ಮೆರೂನ್ ಡೇರೆ ತೋರಿಸಿದೆ. "ನೋಡು, ನಿನ್ನ ಡೇರೆ" ಅಂದೆ. ಅಜ್ಜಿ ಕನ್ನಡಕ ಸರಿ ಮಾಡಿಕೊಂಡು ತುಂಬ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ, ಚಿಕ್ಕಮ್ಮನಿಗೆ ಕೇಳಿಸದ ಹಾಗೆ, "ಅದು ನಂದಲ್ಲ ಮಾರಾಯ್ತಿ. ಮೇಲಿನ ಮನೆಯದು. ಅವರ ಮನೆ ಮದುವೆಗೆ ಹೋದಾಗ ಸೆರಗಲ್ಲಿ ಕಟ್ಟಿಕೊಂಡು ಬಂದಿದ್ದೆ. ಕೇಳಿದ್ದರೆ ಕೊಡ್ತಿರಲಿಲ್ಲ" ಅಂದರು. ನಾನು ಟೆಂಪೊ, ಬಸ್ ಅಂತ ಓಡಾಡಿ ಉಳಿಸಿಕೊಂಡದ್ದು ಕಳ್ಳ ಮಾಲು.

ಡೇರೆಪ್ರೇಮಿ | ಸೆಪ್ಟೆಂಬರ್ 9

ಕದ್ದು ತಂದ ಗಿಡವೇ ಚೆನ್ನಾಗಿ ಬರುವುದು, ಗೊತ್ತಿಲ್ವಾ? ನಮ್ಮ ಮನೆಯ ಅರ್ಧ ಡೇರೆ ಹಾಗೇ ಬಂದದ್ದು. ಯಾರ ಮನೆಯದು ಅಂತ ಹೇಳುವುದಿಲ್ಲ, ಅವರೂ ಈ ಚರ್ಚೆ ಓದುತ್ತಿರಬಹುದು.

ಹೊರನಾಡ ಹೂವಾಡಗಿತ್ತಿ | ಸೆಪ್ಟೆಂಬರ್ 10

ಮೆರೂನ್, ತುದಿ ಬಿಳಿ! ನಮ್ಮಮ್ಮನ ಹತ್ತಿರವೂ ಅದೇ ಇತ್ತು. ಎಲ್ಲಿಂದ ಬಂತು ಅಂತ ಕೇಳಿದರೆ ಮಾತು ಬದಲಿಸುತ್ತಿದ್ದಳು. ಈಗ ಅರ್ಥವಾಯಿತು.

ಹಿತ್ತಲಮನೆ | ಡಿಸೆಂಬರ್ 14

ಸೇವಂತಿಗೆ ವರದಿ. ಮನೆ ಕಡೆಯ ಆರು ಗಿಡದಲ್ಲಿ ಎಲೆ ಕಾಣದಷ್ಟು ಹಳದಿ. ಗೇಟಿನ ಕಡೆಯ ಮೂರರಲ್ಲಿ ಒಂದು ಮೊಗ್ಗೂ ಇಲ್ಲ, ಹಸಿರಾಗಿ, ಕೊಬ್ಬಿ ನಿಂತಿವೆ. ಬೀದಿ ದೀಪದ ಮಾತನ್ನು ನಾನು ಅಷ್ಟು ಮನಸ್ಸಿಗೆ ಹಾಕಿಕೊಂಡಿರಲಿಲ್ಲ. ಜಾಗ ಖಾಲಿ ಇತ್ತು, ನೆಟ್ಟೆ.

ಲಾಲ್‌ಬಾಗ್ ನಡಿಗೆ | ಡಿಸೆಂಬರ್ 14

ಹೇಳಿದ್ದೆನಲ್ಲ! ಸಂಜೆ ಆರಕ್ಕೆ ಆ ಮೂರಕ್ಕೂ ಒಂದೊಂದು ರಟ್ಟಿನ ಪೆಟ್ಟಿಗೆ ಮುಚ್ಚಿ, ಬೆಳಿಗ್ಗೆ ಏಳಕ್ಕೆ ತೆಗೆಯಿರಿ. ಮೂರ್ನಾಲ್ಕು ವಾರ ಬಿಡದೆ ಮಾಡಿದರೆ ಮೊಗ್ಗು ಬರುತ್ತದೆ. ಬೇಜಾರಾದರೆ ಮುಂದಿನ ವರ್ಷ ಅಲ್ಲಿ ಸ್ಫಟಿಕ ಹಾಕಿ. ಮಲ್ಲಿಗೆ ಸವರಿದಿರಾ?

ಹಿತ್ತಲಮನೆ | ಡಿಸೆಂಬರ್ 14

ಕತ್ತರಿ ಹಿಡಿದು ಹೋಗಿ ಎರಡು ಸಲ ವಾಪಸ್ ಬಂದೆ. ನಾಳೆ ಖಂಡಿತ.

ಹಿತ್ತಲಮನೆ | ಜನವರಿ 28

ಡೇರೆ ಗಿಡ ಒಣಗಿದ್ದವು, ಇವತ್ತು ಅಗೆದೆ. 6 ಗೊಂಚಲು 6 ದೊಡ್ಡ ಗೊಂಚಲಾಗಿವೆ. ಬಿಡಿಸಿದರೆ ಕಣ್ಣಿರುವ ಹೋಳು 20ಕ್ಕಿಂತ ಜಾಸ್ತಿ ಆಗಬಹುದು. ಈ ಸಲ ಪ್ರತಿಯೊಂದಕ್ಕೂ ಬಣ್ಣದ ಚೀಟಿ ಕಟ್ಟಿದ್ದೇನೆ. ಅಜ್ಜಿಯ ಅದೇ ಬುಟ್ಟಿ, ಬೂದಿಗೆ ಮಾತ್ರ ಪಕ್ಕದ ಹೋಟೆಲಿನ ಸೌದೆ ಒಲೆಯವರನ್ನು ಕೇಳಿದೆ. ನಾಲ್ಕು ಬಣ್ಣವೂ ಒಂದೊಂದು ಹೋಳು ಶಿವಮೊಗ್ಗಕ್ಕೆ, ಅಜ್ಜಿಗೆ. ಮೆರೂನ್ ಒಂದು ಹೋಳು ಸಾಗರದ ಮೇಲಿನ ಮನೆಗೂ ಕಳಿಸೋಣ ಅಂದೆ. "ಅವರಿಗೆ ಯಾಕೆ, ಅವರ ಹತ್ತಿರ ಇದೆಯಲ್ಲ" ಅಂದರು ಅಜ್ಜಿ. ಮಾವನನ್ನು ವಿಚಾರಿಸಿದರೆ, ಆ ಮನೆಯಲ್ಲಿ ಆ ಬಣ್ಣ ಹೋಗಿ ಎಷ್ಟೋ ವರ್ಷವಾಯಿತಂತೆ. ಕಳಿಸುತ್ತೇನೆ. ಯಾರ ಮನೆಯಿಂದ ಅಂತ ಬರೆಯುವುದಿಲ್ಲ.

ಉಳಿದದ್ದು ಬೇಕಾದವರು ಹೇಳಿ.

ಗುಜರಿ ಗುಂಡ | ಜನವರಿ 28

ನನಗೆ ಮೆರೂನ್. ಕೊರಿಯರ್ ಖರ್ಚು ನನ್ನದು.

ಬಾಲ್ಕನಿ ಬೇಸಾಯ | ಜನವರಿ 28

ನಾಲ್ಕನೇ ಮಹಡಿಯ ಬಾಲ್ಕನಿ, 12 ಇಂಚಿನ ಕುಂಡ. ಆ ಸಣ್ಣ ನೇರಳೆ ಬರಬಹುದಾ ಡೇರೆಪ್ರೇಮಿ ಅವರೇ?

ಡೇರೆಪ್ರೇಮಿ | ಜನವರಿ 29

ಬರುತ್ತದೆ. ಸಣ್ಣ ಜಾತಿಗೆ ಅಷ್ಟು ಸಾಕು. ಹಿತ್ತಲಮನೆ ಅವರೇ, ಕಳಿಸುವಾಗ ಪ್ಲಾಸ್ಟಿಕ್ ಚೀಲ ಬೇಡ, ಬೆವತು ಕೊಳೆಯುತ್ತದೆ. ಹಳೇ ಪೇಪರಿನಲ್ಲಿ ಸುತ್ತಿ, ಒಣ ಹೊಟ್ಟು ತುಂಬಿ, ಪೆಟ್ಟಿಗೆಗೆ ಎರಡು ತೂತು ಮಾಡಿ. ನನಗೂ ಒಂದು ಮೆರೂನ್ ಇಡಿ. ಇಲ್ಲದಿದ್ದರೆ ನಾನೇ ಮೈಸೂರಿಗೆ ಬರುತ್ತೇನೆ, ಸೀರೆ ಉಟ್ಟುಕೊಂಡು.